ಅಪ್ಪನ ಚಿಟಿಕೆ

ಫೆಬ್ರವರಿ 4

ಹತ್ತೊಂಬತ್ತು ದಿನಗಳ ನಂತರ ಇವತ್ತು ಅಂಗಡಿಯ ಬಾಗಿಲು ತೆಗೆದೆ. ಒಳಗೆ ಕಾಲಿಟ್ಟ ಕೂಡಲೇ ಐದು ಸಲ ಸೀನು ಬಂತು. ಒಣಪುದೀನ, ಶುಂಠಿ, ಸೋಂಪು, ನಿಂಬೆಹುಲ್ಲು, ನನಗೆ ಹೆಸರೂ ಗೊತ್ತಿಲ್ಲದ ಬೇರು ತೊಗಟೆಗಳ ಧೂಳು. ಅಪ್ಪ ನಲವತ್ತು ವರ್ಷ ಇದೇ ಧೂಳಿನಲ್ಲಿ ಕೂತು ಕಷಾಯದ ಪೊಟ್ಟಣ ಕಟ್ಟಿದವನು. ಒಂದು ದಿನವೂ ಸೀನಿದ್ದು ನಾನು ಕಂಡಿಲ್ಲ.

ಈಗ ಲಕ್ವ ಹೊಡೆದು ಅವನ ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತೂ ಹೋಗಿದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸಿದ್ದೇನೆ. ಅಲ್ಲಿಂದ ನನ್ನ ಕೆಲಸದ ಮೇಜು ಕಾಣುತ್ತದೆ. ಹಗಲು ಹೊತ್ತು ಅತ್ತೆ, ಅಂದರೆ ಅಪ್ಪನ ತಂಗಿ, ಬಂದು ನೋಡಿಕೊಳ್ಳುತ್ತಾರೆ. ಅಪ್ಪನ ಜೊತೆ ಮಾತಾಡಿದರೆ ಉತ್ತರ ಬರುವುದಿಲ್ಲ, ಅತ್ತೆಯ ಜೊತೆ ಮಾತಾಡಿದರೆ ಉತ್ತರ ನಿಲ್ಲುವುದಿಲ್ಲ. ಅದಕ್ಕೇ ಈ ಡೈರಿ.

ಕಾರ್ಖಾನೆಯಲ್ಲಿ ಮೂರು ತಿಂಗಳು ರಜೆ ಕೇಳಿಕೊಂಡು ಬಂದಿದ್ದೇನೆ. ಹದಿನೆಂಟು ವರ್ಷ ಅಂಗಿಗಳ ಅಳತೆ ನೋಡಿದವಳು ನಾನು. ತೋಳು ಅರ್ಧ ಸೆಂಟಿಮೀಟರ್ ಹೆಚ್ಚಿದ್ದರೂ ಅಂಗಿ ವಾಪಸ್ಸು. ನನ್ನಂಥವಳಿಗೆ ಅಪ್ಪ ಬಿಟ್ಟುಹೋದ ಪುಸ್ತಕ ನೋಡಿದರೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. "ಗಂಟಲಿನ ಕಷಾಯ, ವಾರದ ಪೊಟ್ಟಣ: ಪುದೀನ ಎರಡು ಹಿಡಿ, ಒಣಶುಂಠಿ ಒಂದು ಹಿಡಿ, ಸೋಂಪು ಅರ್ಧ ಹಿಡಿ, ಅತಿಮಧುರ ಏಳು ಚಿಟಿಕೆ." ಅಷ್ಟೇ. ಗ್ರಾಂ ಇಲ್ಲ, ಚಮಚ ಇಲ್ಲ. ಮೇಜಿನ ಖಾನೆಯಲ್ಲಿ ಪುಟ್ಟ ತಕ್ಕಡಿ ಒಂದಿದೆ, ಅದರ ಮೇಲೆ ಜೇಡ ಮನೆ ಕಟ್ಟಿದೆ.

ಬಿಟ್ಟುಹೋದ ಪುಸ್ತಕ ಎಂದು ಬರೆದೆ. ಮನುಷ್ಯ ಹಿಂದೆಯೇ ಕೂತಿದ್ದಾನೆ.

ಫೆಬ್ರವರಿ 7

ಎದುರು ಮನೆಯ ಮಹಡಿಯ ಹಾಡಿನ ಟೀಚರ್ ಬಂದಿದ್ದರು. ನಾನು ಎಂಟು ವರ್ಷದವಳಿದ್ದಾಗ ಅವರ ಬಳಿ ಆರು ತಿಂಗಳು ಹಾಡು ಕಲಿತೆ. "ನಿನ್ನ ಕಂಠಕ್ಕೆ ಗಣಿತ ಚೆನ್ನಾಗಿ ಒಗ್ಗುತ್ತೆ" ಎಂದು ಮನೆಗೆ ಕಳಿಸಿದ್ದರು. ಏಪ್ರಿಲ್‌ನಲ್ಲಿ ಶಿಷ್ಯರದೊಂದು ಕಾರ್ಯಕ್ರಮವಿದೆ, ಕೊನೆಗೆ ಅವರೂ ಹಾಡಬೇಕಂತೆ. ಹತ್ತು ವರ್ಷದಿಂದ ವೇದಿಕೆ ಹತ್ತಿಲ್ಲ.

"ನಿಮ್ಮಪ್ಪ ಇದ್ದಿದ್ರೆ ಗಂಟಲಿಗೆ ಒಂದು ದಾರಿ ಮಾಡ್ತಿದ್ರು" ಎಂದರು.

"ಅಪ್ಪ ಇದ್ದಾನೆ ಟೀಚರ್. ನಾನೂ ಇದ್ದೀನಿ" ಎಂದೆ. ಸ್ವಲ್ಪ ಬಿರುಸಾಗಿಯೇ ಅಂದೆ ಅನಿಸುತ್ತದೆ.

ಪುಸ್ತಕ ನೋಡಿ ಪೊಟ್ಟಣ ಕಟ್ಟಿದೆ. ಅತಿಮಧುರ ಸಿಹಿಯಾದ ಬೇರು, ನಾರುನಾರಾಗಿ ಕುಟ್ಟಿ ಡಬ್ಬದಲ್ಲಿ ತುಂಬಿರುತ್ತದೆ. ಏಳು ಚಿಟಿಕೆ ಹಾಕಿದೆ. ಒಂದು ಲೋಟ ಕಾಸಿ ರುಚಿ ನೋಡಿದರೆ ಶುಂಠಿಯದೇ ದರ್ಬಾರು. ಇನ್ನೂ ಮೂರು ಚಿಟಿಕೆ ಸೇರಿಸಿದೆ, ಹಿತವಾಯಿತು. ಅತ್ತೆ ನನ್ನ ಕೈ ನೋಡಿ ನಕ್ಕರು. "ನಿನ್ನ ಬೆರಳು ನೋಡಿದ್ರೆ ಅಂಗಡೀಲಿ ಸೌಟೇ ಬೇಕಾಗಿಲ್ಲ ಕಣೇ." ಚಿಕ್ಕಂದಿನಿಂದ ಕೇಳಿ ಕೇಳಿ ಬೇಸತ್ತ ಮಾತು. ಅಮ್ಮನ ಕಡೆಯವರ ಕೈ ನನ್ನದು, ದೊಡ್ಡದು.

ಅಪ್ಪ ಎಡಗೈಯಿಂದ ತನ್ನ ಸತ್ತ ಬಲಗೈಯನ್ನು ಎತ್ತಿ ನನ್ನ ಕಡೆ ಚಾಚಿದ. ನೋಯುತ್ತಿರಬೇಕು. ಎಣ್ಣೆ ಬೆಚ್ಚಗೆ ಮಾಡಿ ತಿಕ್ಕಿದೆ.

ಫೆಬ್ರವರಿ 13

ಗಿರಾಕಿಗಳಿಗೆ ಕಷಾಯ ಮಾಡುವುದನ್ನು ಹೇಳಿಕೊಟ್ಟು ಹೇಳಿಕೊಟ್ಟು ನನಗೇ ಬಾಯಿಪಾಠವಾಗಿದೆ. ಎಲೆ, ಹೂವನ್ನು ಕುದಿಸಬಾರದು. ಕುದಿದ ನೀರು ಸುರಿದು ಮುಚ್ಚಿಡಬೇಕು, ಇಲ್ಲದಿದ್ದರೆ ಪರಿಮಳವೆಲ್ಲ ಅಡುಗೆಮನೆಯ ಗೋಡೆಗೆ. ಬೇರು, ತೊಗಟೆಯನ್ನು ಮಾತ್ರ ಸಣ್ಣ ಉರಿಯಲ್ಲಿ ಕುದಿಸಬೇಕು. ಇವತ್ತೊಬ್ಬರು ಪುದೀನವನ್ನು ಅರ್ಧ ಗಂಟೆ ಕುದಿಸಿ "ಏನೂ ವಾಸನೆ ಇಲ್ಲಮ್ಮ, ಹಳೇ ಮಾಲು" ಎಂದು ಜಗಳಕ್ಕೆ ಬಂದರು.

ಹಳೇ ಗಿರಾಕಿಗಳೆಲ್ಲ ಒಂದೇ ಮಾತು ಹೇಳುತ್ತಾರೆ: ನಿಮ್ಮಪ್ಪನ ಹತ್ತಿರ ಬಂದರೆ ಮೂರು ಸಲ ಕೊಟ್ಟು ನಾಲ್ಕನೇ ಸಲ "ಅತಿಮಧುರ ಮುಗಿದಿದೆ, ಮುಂದಿನ ವಾರ ಬನ್ನಿ" ಎನ್ನುತ್ತಿದ್ದರು. ಡಬ್ಬ ಇಳಿಸಿ ನೋಡಿದೆ. ತಳದಲ್ಲಿ ಎಷ್ಟೋ ವರ್ಷದ ಬೇರು ಹಾಗೇ ಇದೆ. ಮುಗಿಯುವುದೆಲ್ಲಿ ಬಂತು? ಏಳಲು ಸೋಮಾರಿತನ, ಮತ್ತೇನಲ್ಲ. ನನ್ನ ಅಂಗಡಿಯಲ್ಲಿ "ಮುಗಿದಿದೆ" ಎಂಬ ಮಾತೇ ಇರಬಾರದು.

ಫೆಬ್ರವರಿ 20

ಗಂಟಲಿನ ಪೊಟ್ಟಣಕ್ಕೆ ಈಗ ಹನ್ನೆರಡು ಜನ ಕಾಯಂ. ಬಸ್ ಡ್ರೈವರ್ ಒಬ್ಬರು "ನಿಮ್ಮಪ್ಪನದಕ್ಕಿಂತ ಚೆನ್ನಾಗಿದೆ, ಮಕ್ಕಳೂ ಕುಡೀತಾವೆ" ಎಂದರು. ನಾನೂ ದಿನಕ್ಕೆ ಮೂರು ಲೋಟ ಇಳಿಸುತ್ತೇನೆ. ಅಪ್ಪನಿಗೆ ಕೊಟ್ಟರೆ ಬಾಯಿ ಬಿಗಿದು ಮುಖ ಆಚೆ ತಿರುಗಿಸುತ್ತಾನೆ. ಅತ್ತೆ ಮಾಡಿದ ಬರೀ ಸೋಂಪಿನ ನೀರು ಮಾತ್ರ ಗಟಗಟ ಕುಡಿಯುತ್ತಾನೆ. ನನ್ನ ಕೈಯದು ಬೇಡ. ಮಗಳು ಅಂಗಡಿ ನಡೆಸುವುದು ಕಣ್ಣಿಗೆ ಚುಚ್ಚುತ್ತಿರಬೇಕು.

ಫೆಬ್ರವರಿ 27

ಇವತ್ತು ಬರೆಯಲೇ ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಎಂಟು ಪೊಟ್ಟಣಕ್ಕಾಗುವಷ್ಟು ತಟ್ಟೆಯಲ್ಲಿ ಬೆರೆಸಿಟ್ಟಿದ್ದೆ. ಅಪ್ಪನ ಕುರ್ಚಿಯನ್ನು ಬೆಳಕಿಗೆಂದು ಮೇಜಿನ ಹತ್ತಿರ ಎಳೆದಿದ್ದೆ. ಎಡಗೈ ಬೀಸಿ ತಟ್ಟೆಯನ್ನು ನೆಲಕ್ಕೆ ಕೆಡವಿದ. ಅಕಸ್ಮಾತ್ ಅಲ್ಲ. ಕೆಡವಿ ನನ್ನನ್ನೇ ನೋಡುತ್ತಾ "ಆ... ಆ..." ಎಂದ. ಮತ್ತೆ ಬಲಗೈಯನ್ನು ಎತ್ತಿ ಮೇಜಿಗೆ ಕುಟ್ಟಿದ.

ನನಗೆ ಸಿಟ್ಟು ನೆತ್ತಿಗೇರಿತು. "ಸಾಕಪ್ಪಾ! ನಿನ್ನ ಕಾಲ ಮುಗೀತು. ಇನ್ನು ಇದು ನನ್ನ ಅಂಗಡಿ, ಸುಮ್ಮನೆ ಕೂತ್ಕೋ" ಎಂದೆ. ಅತ್ತೆ ತುಟಿಪಿಟಕ್ಕೆನ್ನದೆ ಪೊರಕೆ ತಂದು ಗುಡಿಸಿದರು. ಅತ್ತೆ ಸುಮ್ಮನಿದ್ದುದು ನಾನು ಹುಟ್ಟಿದ ಮೇಲೆ ಇದೇ ಮೊದಲು.

ಕುರ್ಚಿಯನ್ನು ಮತ್ತೆ ಹಿಂದಕ್ಕೆ ಸರಿಸಿದ್ದೇನೆ.

ಮಾರ್ಚ್ 4

ಚಪ್ಪಲಿ ಬಿಗಿ. ಬೆಳಗ್ಗೆಯಿಂದ ಸಂಜೆವರೆಗೆ ನಿಂತೇ ಇರುವುದರಿಂದ ಕಾಲು ಬಾತುಕೊಳ್ಳುತ್ತಿದೆ. ತಲೆನೋವೂ ಬಿಡುತ್ತಿಲ್ಲ. ಒಂದು ಲೋಟ ಹೆಚ್ಚಿಗೆ ಕುಡಿದೆ.

ಟೀಚರ್ ಬಂದರು. ವಾರದ ಪೊಟ್ಟಣ ನಾಲ್ಕೇ ದಿನಕ್ಕೆ ಖಾಲಿ ಮಾಡುತ್ತಿದ್ದಾರೆ. "ಗಂಟಲು ಬೆಣ್ಣೆ ಹಾಗಿದೆ, ಆದ್ರೆ ಮೆಟ್ಲು ಹತ್ತೋಕೆ ಆಗ್ತಿಲ್ಲ ಕಣಮ್ಮ. ತೊಡೇಲಿ ಶಕ್ತಿನೇ ಇಲ್ಲ" ಎಂದರು. ಅವರ ಪಾದವೂ ಊದಿತ್ತು.

"ದಣಿವು ಟೀಚರ್. ಕಷಾಯ ಬಿಡಬೇಡಿ" ಎಂದು ಎರಡು ಪೊಟ್ಟಣ ಒಟ್ಟಿಗೆ ಕೊಟ್ಟೆ. ಹಳೇ ಶಿಷ್ಯೆಯ ಲೆಕ್ಕದಲ್ಲಿ ಇರಲಿ ಎಂದು ಮೇಲೆ ಇನ್ನೊಂದು ದೊಡ್ಡ ಚಿಟಿಕೆ ಅತಿಮಧುರ ಉದುರಿಸಿದೆ.

ಮಾರ್ಚ್ 9

ಕುಟ್ಟಾಣಿ ಎತ್ತಿದರೆ ತೋಳು ನಡುಗುತ್ತದೆ. ವಯಸ್ಸಾಯಿತೇ? ನಲವತ್ತೊಂದಕ್ಕೇ?

ಎದುರು ಮಹಡಿಯಿಂದ ಎರಡು ದಿನದಿಂದ ಹಾಡು ಕೇಳಿಸುತ್ತಿಲ್ಲ.

ಮಾರ್ಚ್ 13

ಟೀಚರ್ ಬೆಳಗ್ಗೆ ಮೆಟ್ಟಿಲ ಮೇಲೆ ಬಿದ್ದರು. ಜಾರಿದ್ದಲ್ಲ. ಕಾಲೇ ಮಡಚಿಕೊಂಡಿತಂತೆ. ನಾಲ್ಕು ಜನ ಸೇರಿ ಎತ್ತಿ ಆಸ್ಪತ್ರೆಗೆ ಸಾಗಿಸಿದೆವು. ಮೂಳೆ ಮುರಿದಿಲ್ಲ, ಆದರೆ ಎದೆಬಡಿತ ತಾಳ ತಪ್ಪಿದೆ ಎಂದು ಒಳಗೇ ಇರಿಸಿಕೊಂಡಿದ್ದಾರೆ. ಅವರ ಅಕ್ಕ ಹೊರಗೆ ಬೆಂಚಿನ ಮೇಲೆ ಕೂತು ಒಂದೇ ಸಮನೆ ಅಳುತ್ತಿದ್ದರು. ನಾಳೆ ಫ್ಲಾಸ್ಕಿನಲ್ಲಿ ಕಷಾಯ ಒಯ್ಯಬೇಕು.

ಮಾರ್ಚ್ 14

ಆಸ್ಪತ್ರೆಯಿಂದ ಬಂದು ನೇರ ಡೈರಿ ತೆಗೆದಿದ್ದೇನೆ.

ಫ್ಲಾಸ್ಕು ಹಿಡಿದು ಹೋದೆ. ಮಂಚದ ಪಕ್ಕ ಲೇಡಿ ಡಾಕ್ಟರ್ ನಿಂತಿದ್ದರು, ನನಗಿಂತ ಹತ್ತು ವರ್ಷ ಚಿಕ್ಕವರು. "ಅದೇನು?" ಎಂದು ಕೇಳಿದರು. ಹೆಮ್ಮೆಯಿಂದಲೇ ಹೇಳಿದೆ. ಪುದೀನ, ಶುಂಠಿ, ಸೋಂಪು, ಅತಿಮಧುರ. ಕೊನೆಯ ಹೆಸರು ಕೇಳಿದ್ದೇ ಅವರ ಹುಬ್ಬು ಗಂಟಾಯಿತು.

"ಎಷ್ಟು ದಿನದಿಂದ ಕುಡೀತಿದ್ದಾರೆ?"

"ಐದು ವಾರ ಆಯ್ತು."

"ನಡುವೆ ಬಿಡದೇನೇ? ಅತಿಮಧುರ ಎಷ್ಟು ಹಾಕ್ತೀರಿ?"

"ಹತ್ತು ಚಿಟಿಕೆ."

"ಯಾರ ಚಿಟಿಕೆ?"

"ನಲವತ್ತು ವರ್ಷದಿಂದ ನಮ್ಮ ಅಂಗಡೀಲಿ ಇದನ್ನೇ ಕೊಡ್ತಿರೋದು. ಯಾರಿಗೂ ಏನೂ ಆಗಿಲ್ಲ" ಎಂದೆ.

"ಹಾಗಾದ್ರೆ ಇದು ಅದಲ್ಲ" ಎಂದರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ಆ ಬೇರು ಹೆಚ್ಚಾದರೆ ಮೈಯಲ್ಲಿ ನೀರು ಉಪ್ಪು ನಿಲ್ಲುತ್ತದಂತೆ, ಪೊಟ್ಯಾಸಿಯಂ ಸೋರಿಹೋಗುತ್ತದಂತೆ, ರಕ್ತದೊತ್ತಡ ಏರುತ್ತದಂತೆ. ಟೀಚರ್ ಮೊದಲೇ ರಕ್ತದೊತ್ತಡಕ್ಕೆ ನೀರು ಹೋಗುವ ಮಾತ್ರೆ ನುಂಗುವವರು, ಅದೂ ಪೊಟ್ಯಾಸಿಯಂ ಸೋರಿಸುತ್ತದಂತೆ. ಎರಡೂ ಸೇರಿ ಕಾಲಿನ ಶಕ್ತಿ ಹೋಯಿತು, ಈಗ ಹೃದಯಕ್ಕೆ ಬಂದಿದೆ. "ನಾಳೆ ತೂಕ ಮಾಡಿ ಸರಿಯಾದ ಲೆಕ್ಕ ತನ್ನಿ. ಎಷ್ಟು ಒಳಗೆ ಹೋಗಿದೆ ಅಂತ ಗೊತ್ತಾದ್ರೆ ಎಷ್ಟು ದಿನ ಇವರನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋಬೇಕು ಅಂತ ತಿಳಿಯುತ್ತೆ." ಹೋಗುವಾಗ ಯಾಕೋ ನನ್ನ ಪಾದಗಳನ್ನೂ ಒಮ್ಮೆ ನೋಡಿ, "ನೀವೂ ನಿಲ್ಲಿಸಿ" ಎಂದರು.

ಟೀಚರ್ ಕಣ್ಣು ಮುಚ್ಚಿದ್ದರು. ನಿದ್ದೆಯೋ, ಕೇಳಿಸಿಕೊಳ್ಳುತ್ತಿದ್ದರೋ ಗೊತ್ತಿಲ್ಲ. ಫ್ಲಾಸ್ಕನ್ನು ಆಸ್ಪತ್ರೆಯ ತೊಟ್ಟಿಯಲ್ಲಿ ಬಗ್ಗಿಸಿ ಬಂದೆ.

ಮಾರ್ಚ್ 15

ಅಂಗಡಿ ತೆರೆಯಲಿಲ್ಲ. ಪುಟ್ಟ ತಕ್ಕಡಿ ಒರೆಸಿ ಮೇಜಿನ ಮೇಲಿಟ್ಟೆ. ಪೊಟ್ಟಣಕ್ಕೆ ಹಾಕುವ ಹಾಗೆ ನನ್ನ ಹತ್ತು ಚಿಟಿಕೆ ಹಾಕಿ ತೂಗಿದೆ. ಇಪ್ಪತ್ತೆಂಟು ಗ್ರಾಂ. ಮತ್ತೆ ಹಾಕಿ ತೂಗಿದೆ. ಇಪ್ಪತ್ತೊಂಬತ್ತು.

ಈಗ ಬರೆಯುವುದನ್ನು ಯಾರಿಗೂ ಹೇಳುವುದಿಲ್ಲ. ಒಂದು ಚೀಟಿ ತೆಗೆದು ಅದರ ಮೇಲೆ "ಹತ್ತು ಗ್ರಾಂ" ಎಂದು ಬರೆದೆ. ಹತ್ತು ಎಂದರೆ ಅಷ್ಟೇನೂ ಕೆಟ್ಟದಾಗಿ ಕೇಳುವುದಿಲ್ಲ. ಜನ ಹೇಗೂ ಆಡಿಕೊಳ್ಳುತ್ತಾರೆ, ಅಪ್ಪನ ನಲವತ್ತು ವರ್ಷದ ಹೆಸರು ಐದು ವಾರದಲ್ಲಿ ಮಣ್ಣುಪಾಲು. ಸ್ವಲ್ಪವಾದರೂ ಉಳಿಯಲಿ ಎಂದು. ಅಪ್ಪನ ಹೆಸರಿಗಾಗಿ ಎಂದು ಬರೆದೆನೇ? ಸುಳ್ಳು. ನನಗೇ ಹೆದರಿಕೆ.

ಚೀಟಿ ಮಡಚುತ್ತಿದ್ದೆ. ಅಪ್ಪ ಕುರ್ಚಿಯಿಂದ "ಆ... ಆ..." ಎಂದ. ಎಡಗೈಯಿಂದ ಬಲಗೈ ಎತ್ತಿ ಚಾಚಿದ. ಎಣ್ಣೆ ಬಟ್ಟಲು ತರಲು ಎದ್ದೆ. ಅವನು ಜೋರಾಗಿ ತಲೆ ಅಲ್ಲಾಡಿಸಿದ. ಬೇಡ ಎಂದು. ಐದು ವಾರ ದಿನಾ ಎಣ್ಣೆ ತಿಕ್ಕಿದ್ದೇನೆ, ಒಂದು ದಿನವೂ ಅವನ ಮುಖ ನೋಡಿ ಕೇಳಿರಲಿಲ್ಲ.

"ಏನಪ್ಪಾ? ಏನು ಬೇಕು ನಿಂಗೆ?" ಎಂದು ಎದುರಿಗೆ ನೆಲದ ಮೇಲೆ ಕೂತೆ.

ಅವನು ಎಡಗೈಯಿಂದ ಆ ಬಲಗೈಯ ತೋರುಬೆರಳನ್ನು ಎತ್ತಿ ಹಿಡಿದ. ತೋರುಬೆರಳು ಎನ್ನುವುದಾದರೂ ಹೇಗೆ, ಅರ್ಧವೇ ಇರುವುದು. ಇಪ್ಪತ್ತರ ವಯಸ್ಸಿನಲ್ಲಿ ಬೇರು ಕತ್ತರಿಸುವಾಗ ಕತ್ತಿಗೆ ಹೋದದ್ದು. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಅದನ್ನು ಹಿಡಿದುಕೊಂಡು ಶಾಲೆಗೆ ಹೋಗಿದ್ದೇನೆ. ನೋಡಿ ನೋಡಿ ಅದು ನನ್ನ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು.

ಕುರ್ಚಿಯನ್ನು ಮೇಜಿಗೆ ಎಳೆದೆ. ಅತಿಮಧುರದ ಡಬ್ಬದೊಳಗೆ ಅವನ ಬಲಗೈ ಇಳಿಸಿದೆ. ಹೆಬ್ಬೆರಳು, ಆ ಮೊಂಡು ಬೆರಳು, ನಡುಬೆರಳು, ಮೂರನ್ನೂ ನನ್ನ ಕೈಯಿಂದ ಒತ್ತಿ ಕೂಡಿಸಿದೆ. ಬೆರಳು ಸೆಟೆದುಕೊಂಡಿದ್ದವು, ಮೊದಲೆರಡು ಸಲ ಎಲ್ಲ ಉದುರಿಹೋಯಿತು. ಮೂರನೇ ಸಲ ನಿಂತಿತು. ತಕ್ಕಡಿಗೆ ಹಾಕುವ ಮುಂಚೆ ಅವನು ಎಡಗೈಯಿಂದ ತಡೆದ. ನಡುಬೆರಳಿಗೆ ಅಂಟಿದ್ದ ಎರಡು ನಾರನ್ನು ಚಿಮ್ಮಿ ಡಬ್ಬಕ್ಕೆ ಹಾಕಿದ. ಆಮೇಲೆ "ಹೂಂ" ಎಂದ.

ಹೀಗೆ ಏಳು ಸಲ. ಮಧ್ಯಾಹ್ನವೆಲ್ಲ ಹಿಡಿಯಿತು. ನನ್ನ ಕುತ್ತಿಗೆಯೂ ಅವನ ಕುತ್ತಿಗೆಯೂ ಬೆವರಿತು. ಏಳು ಚಿಟಿಕೆಯೂ ಸೇರಿ ಏಳು ಗ್ರಾಂ, ಒಂದು ಕೂದಲೆಳೆ ಹೆಚ್ಚು. ತಕ್ಕಡಿ ಬೇಕಿರಲಿಲ್ಲ ಅವನಿಗೆ. ಕೈಯೇ ತಕ್ಕಡಿಯಾಗಿತ್ತು.

ಅರ್ಧ ಸೆಂಟಿಮೀಟರ್‌ಗೆ ಅಂಗಿ ವಾಪಸ್ಸು ಕಳಿಸುತ್ತಿದ್ದವಳು ನಾನು. ನಾಲ್ಕು ಪಟ್ಟು ಕೊಟ್ಟಿದ್ದೇನೆ. ಈ ಮನುಷ್ಯ ಮೊದಲ ದಿನದಿಂದ ಕೈ ಚಾಚಿ ಚಾಚಿ ಹೇಳಿದ, ನಾನು ಎಣ್ಣೆ ತಿಕ್ಕಿದೆ. ಅವನ ಮಂಡಿಯ ಮೇಲೆ ತಲೆಯಿಟ್ಟು ಜೋರಾಗಿ ಅತ್ತುಬಿಟ್ಟೆ. ಅಡುಗೆಮನೆಯಿಂದ ಅತ್ತೆ ಓಡಿ ಬಂದು "ಏನಾಯ್ತೇ? ಅಣ್ಣಂಗೆ ಏನಾಯ್ತು?" ಎಂದು ಕೂಗಿಕೊಂಡರು.

ಚೀಟಿ ಹರಿದೆ. ಹೊಸ ಚೀಟಿಯಲ್ಲಿ ಇಪ್ಪತ್ತೊಂಬತ್ತು ಎಂದು ಬರೆದು, ಅದೇ ಸಂಜೆ ಹೋಗಿ ಕೊಟ್ಟು ಬಂದೆ.

ಮಾರ್ಚ್ 17

ಉಳಿದ ಹನ್ನೊಂದು ಮನೆಗಳಿಗೂ ಹೋಗಿ ಪೊಟ್ಟಣ ವಾಪಸ್ಸು ತಂದೆ. ಮೂವರು ಬೈದರು. ಒಬ್ಬರು ಬಾಗಿಲೇ ತೆರೆಯಲಿಲ್ಲ, ಕಿಟಕಿಯಿಂದ ಎಸೆದರು. ಡ್ರೈವರ್ ಮಾತ್ರ "ಮಕ್ಕಳಿಗೆ ಸಿಹಿ ಇಷ್ಟ ಆಗಿತ್ತು" ಎಂದು ಮುಖ ಸಪ್ಪಗೆ ಮಾಡಿದರು. ಮಕ್ಕಳು ಎಂದು ಅವರು ಅಂದ ಕೂಡಲೇ ಆಟೋ ಕರೆದೆ. ಅವರನ್ನೂ ಮಕ್ಕಳನ್ನೂ ಆಸ್ಪತ್ರೆಗೆ ಕರೆದೊಯ್ದು ತೋರಿಸಿದೆ. ಎಲ್ಲ ಸರಿಯಿದ್ದಾರೆ.

ಮಾರ್ಚ್ 19

ಟೀಚರ್ ಎದ್ದು ಕೂತಿದ್ದಾರೆ. ಎದೆಬಡಿತ ಹಾದಿಗೆ ಬರುತ್ತಿದೆ, ಆದರೆ ಇನ್ನೂ ಒಂದು ವಾರ ಅಲ್ಲೇ ಇರಬೇಕು. ಏಪ್ರಿಲ್‌ನಲ್ಲಿ ಹಾಡುವ ಮಾತಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಮೇಲೆ ಉದುರಿಸಿದ ಆ ದೊಡ್ಡ ಚಿಟಿಕೆಯನ್ನೂ ಹೇಳಿದೆ.

ಅವರು ಕಿಟಕಿಯ ಕಡೆ ತಿರುಗಿಕೊಂಡರು. "ನಿಮ್ಮಪ್ಪ ಮುಗಿದಿದೆ ಅಂತಿದ್ರಲ್ಲ, ಬೈಕೊಂಡು ಮನೆಗೆ ಹೋಗ್ತಿದ್ದೆ ನಾನು. ಡಬ್ಬ ತುಂಬಿರೋದು ನಂಗೆ ಕಾಣ್ತಿತ್ತು. ಒಂದು ವಾರ ಬಿಡಿಸೋಕೆ ಅಂತ ಇವತ್ತು ಗೊತ್ತಾಯ್ತು. ಹೇಳಿದ್ರೆ ನಾನು ಕೇಳ್ತಿರಲಿಲ್ಲ, ಅದಕ್ಕೇ ಸುಳ್ಳು ಹೇಳ್ತಿದ್ರು."

ಆಮೇಲೆ ಅಂದರು: "ಈಗ ನೀನು ಹೋಗು. ನಿನ್ನ ನೋಡಿದ್ರೆ ಸಿಟ್ಟು ಬರುತ್ತೆ. ಡಾಕ್ಟರು ಸಿಟ್ಟು ಮಾಡ್ಕೋಬೇಡಿ ಅಂದಿದ್ದಾರೆ."

ಬಂದೆ.

ಮಾರ್ಚ್ 30

ತಗಡಿನ ಕೆಲಸದವನ ಹತ್ತಿರ ಸಣ್ಣ ಚಮಚ ಮಾಡಿಸಿದೆ. ಅಪ್ಪನ ಒಂದು ಚಿಟಿಕೆ ಹಿಡಿಯುವಷ್ಟು, ಅಷ್ಟೇ. ಮೂರು ಸಲ ವಾಪಸ್ಸು ಕಳಿಸಿದೆ. ನಾಲ್ಕನೇ ಸಲ ಅವನು "ಅಕ್ಕಾ, ನೀವು ಚಿನ್ನ ತೂಗ್ತೀರಾ?" ಎಂದ. ಅಪ್ಪ ಚಮಚವನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದ. ಪುಸ್ತಕದಲ್ಲಿ ಎಲ್ಲ ಕಡೆ ಚಿಟಿಕೆಯ ಪಕ್ಕ ಗ್ರಾಂ ಬರೆಯುತ್ತಿದ್ದೇವೆ. ನಾನು ಓದುತ್ತೇನೆ, ಅಪ್ಪ ಹೂಂ ಎನ್ನುತ್ತಾನೆ ಅಥವಾ ತಲೆ ಅಲ್ಲಾಡಿಸುತ್ತಾನೆ. ದಿನಕ್ಕೆ ಎರಡು ಪುಟಕ್ಕಿಂತ ಮುಂದೆ ಹೋಗುವುದಿಲ್ಲ.

ಕುರ್ಚಿ ಮೇಜಿನ ಪಕ್ಕವೇ ಇದೆ. ನನ್ನ ಕಾಲಿನ ಬಾವು ಇಳಿದು ನಡೆಯುವಾಗ ಚಪ್ಪಲಿ ಜಾರುತ್ತಿದೆ, ಒಂದು ತೂತು ಬಿಗಿ ಮಾಡಿಸಬೇಕು.

ಏಪ್ರಿಲ್ 20

ಹನ್ನೊಂದು ಗಂಟೆಗೆ ಟೀಚರ್ ಕೋಲೂರಿಕೊಂಡು ಅಂಗಡಿಗೆ ಬಂದರು. ಮೊನ್ನೆ ಕಾರ್ಯಕ್ರಮದಲ್ಲಿ ಮುಂದಿನ ಸಾಲಿನಲ್ಲಿ ಕೂತು ಶಿಷ್ಯರ ಹಾಡು ಕೇಳಿದರಂತೆ. ನಾನು ಹೋಗಿರಲಿಲ್ಲ, ಮುಖವಿರಲಿಲ್ಲ. ಸ್ಟೂಲು ಒರೆಸಿ ಕೊಟ್ಟೆ.

"ಬಿಸಿನೀರು ಕೊಡು. ಬರೀ ನೀರು" ಎಂದರು.

ಕೊಟ್ಟೆ. ಲೋಟ ಹಿಡಿದುಕೊಂಡು ಅಪ್ಪನ ಕಡೆ ತಿರುಗಿ, "ಏನ್ ಸ್ವಾಮಿ, ಮಗಳು ಕೈ ಹಿಡಿತ ಕಲಿತಳಾ?" ಎಂದರು. ಅಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಎಡಗೈಯನ್ನು ಗಾಳಿಯಲ್ಲಿ ಆಚೀಚೆ ತೂಗಿದ, ಪರವಾಗಿಲ್ಲ ಎನ್ನುವ ಹಾಗೆ. ಅತ್ತೆ ಹಿಂದಿನಿಂದ, "ಅಷ್ಟು ಅಂದಿದ್ದೇ ಹೆಚ್ಚು, ನಮ್ಮಣ್ಣ ನಂಗೆ ಅಷ್ಟೂ ಅಂದಿಲ್ಲ" ಎಂದರು.

ಆಗಲೇ ಬಸ್ ಡ್ರೈವರ್ ಬಂದರು. ಬಿಡದೆ ಕೇಳಿಕೊಂಡರೆಂದು ಡಾಕ್ಟರನ್ನು ವಿಚಾರಿಸಿ, ಅವರೊಬ್ಬರಿಗೆ ಮಾತ್ರ ಮತ್ತೆ ಕೊಡಲು ಶುರು ಮಾಡಿದ್ದೆ, ಮಕ್ಕಳಿಗೆ ಕೊಡಕೂಡದು ಎಂದು ಹೇಳಿ. ಪುಸ್ತಕದ ಲೆಕ್ಕ, ತಗಡಿನ ಚಮಚ. ಮೂರು ವಾರ ಆಗಿದೆ.

"ಒಂದು ಗಂಟಲಿನ ಪೊಟ್ಟಣ ಕೊಡಮ್ಮ."

ಅತಿಮಧುರದ ಡಬ್ಬ ನನ್ನ ಮುಂದೆಯೇ ಇತ್ತು, ಮುಚ್ಚಳವೂ ತೆರೆದಿತ್ತು, ಅಂಚಿನವರೆಗೂ ತುಂಬಿತ್ತು. ಟೀಚರ್ ಲೋಟದ ಮೇಲಿಂದ ನನ್ನನ್ನೇ ನೋಡುತ್ತಿದ್ದರು.

"ಮುಗಿದಿದೆ. ಮುಂದಿನ ವಾರ ಬನ್ನಿ" ಎಂದೆ.

ಡ್ರೈವರ್ ಡಬ್ಬ ನೋಡಿದರು, ನನ್ನ ಮುಖ ನೋಡಿದರು. "ಅಪ್ಪನ ಚಾಳಿ ಮಗಳಿಗೂ ಬಂತಾ?" ಎಂದು ಗೊಣಗುತ್ತಾ ಹೋದರು. ಅಪ್ಪನ ಗಂಟಲಿನಿಂದ ಒಂದು ಸದ್ದು ಬಂತು. ಕೆಮ್ಮು ಎಂದುಕೊಂಡು ತಿರುಗಿದೆ. ನಗುತ್ತಿದ್ದ.

ಟೀಚರ್ ನೀರು ಅರ್ಧ ಕುಡಿದು ಲೋಟವನ್ನು ನನ್ನ ಕಡೆ ಸರಿಸಿದರು. "ಬರೀ ನೀರು ಸಪ್ಪೆ. ನಾಲ್ಕು ಎಲೆ ಪುದೀನ ಹಾಕು."

ಪುದೀನವನ್ನೂ ತೂಗಿಯೇ ಹಾಕಿದೆ.